ಸ್ಟೋಲ್ಟ್ ಅನ್ನುವ ಹೆಸರು ಬಂದ ದಾರಿ

ಋಷಿಮೂಲ, ನದೀಮೂಲ ಹುಡುಕಬಾರದು ಅನ್ನುತ್ತಾರೆ. ಬೆಣ್ಣೆ ಕಾರ್ಖಾನೆಯ ನಿವೃತ್ತ ಮೇಸ್ತ್ರಿಯ ಮೂಲ ಹುಡುಕಬಾರದು ಅಂತ ಮಾತ್ರ ಯಾರೂ ಹೇಳಿರಲಿಲ್ಲ. ಹಾಗಾಗಿ ಗುನ್ನಾರ್ ಸ್ಟೋಲ್ಟ್ ಹುಡುಕಲು ಹೊರಟ.

ಸ್ವೀಡಿಷ್ ಭಾಷೆಯಲ್ಲಿ ಸ್ಟೋಲ್ಟ್ ಅಂದರೆ ‘ಹೆಮ್ಮೆಯವನು’. ಮಿನ್ನೆಸೋಟದ ಆ ಸಣ್ಣ ಊರಿನಲ್ಲಿ ಇದು ಗೊತ್ತಿಲ್ಲದವರೇ ಇರಲಿಲ್ಲ, ಯಾಕೆಂದರೆ ಗುನ್ನಾರ್ ಯಾರನ್ನೂ ಬಿಟ್ಟಿರಲಿಲ್ಲ. ಹಿಂದೆ ಯುದ್ಧದಲ್ಲಿ ಸ್ವೀಡನ್ನಿನ ರಾಜ ಕುದುರೆಯಿಂದ ಬಿದ್ದನಂತೆ, ಗುನ್ನಾರನ ಹಿರೀಕನೊಬ್ಬ ಅವನನ್ನು ಎತ್ತಿ ಕೂರಿಸಿದನಂತೆ, ರಾಜ ನಿಂತ ನಿಲುವಿನಲ್ಲೇ ಈ ಹೆಸರು ದಯಪಾಲಿಸಿದನಂತೆ. ಚರ್ಚಿನಲ್ಲಿ ಕಾಫಿಗೆ ಕೂತಾಗಲೆಲ್ಲ ಈ ಕಥೆ ಬರುತ್ತಿತ್ತು, ಬಂದಾಗಲೆಲ್ಲ ಕುದುರೆ ಒಂದು ಗೇಣು ಎತ್ತರವಾಗುತ್ತಿತ್ತು. ಇನ್ನೆರಡು ವರ್ಷ ಹೋದರೆ ರಾಜನಿಗೆ ಏಣಿ ಬೇಕಾಗುತ್ತದೆ ಅಂತ ಹೆಂಡತಿ ವಿವಿಯನ್ ಅನ್ನುತ್ತಿದ್ದಳು.

1974ರ ಆಗಸ್ಟಿನಲ್ಲಿ ಮನೆತನದವರೆಲ್ಲ ಒಂದು ಕಡೆ ಸೇರುವುದೆಂದಾಯಿತು. ಅದಕ್ಕಾಗಿ ಗುನ್ನಾರ್ ವಸಂತದಲ್ಲೇ ಕೆಲಸ ಶುರುಮಾಡಿದ. ವಿವಿಯನ್‌ಳ ಇದ್ದುದರಲ್ಲಿ ಒಳ್ಳೆಯ ಬೆಡ್‌ಶೀಟನ್ನು ಎತ್ತಿಕೊಂಡು, ಅದರ ಮೇಲೆ ಕಾರ್ಖಾನೆಯ ಬೋರ್ಡಿಗೆ ಬಳಿದು ಉಳಿದಿದ್ದ ಹಸಿರು ಬಣ್ಣದಲ್ಲಿ ವಂಶವೃಕ್ಷ ಬರೆದ. ನೂರಾ ಹನ್ನೊಂದು ಹೆಸರು. ಹುಟ್ಟಿ ಎರಡು ವಾರವಾಗಿದ್ದ ಕೂಸಿಗೂ ಒಂದು ಎಲೆ ಇತ್ತು. ರಾಡ್ನಿಗೆ ಇರಲಿಲ್ಲ.

ರಾಡ್ನಿ ಗುನ್ನಾರನ ತಮ್ಮ ಎಲ್ಮರ್‌ನ ಮಗ. ಇನೇಸ್ ಎಲ್ಮರ್‌ನನ್ನು ಮದುವೆಯಾಗಿ ಬಂದಾಗ ನಾಲ್ಕು ವರ್ಷದ ರಾಡ್ನಿ ಅವಳ ಕೈ ಹಿಡಿದುಕೊಂಡೇ ಬಂದಿದ್ದ. ಎಲ್ಮರ್ ಅವನಿಗೆ ತನ್ನ ಹೆಸರು ಕೊಟ್ಟ, ನಲ್ಲಿ ರಿಪೇರಿಯ ಕಸುಬು ಕಲಿಸಿದ, ಕೊನೆಗೆ ಅಂಗಡಿಯನ್ನೂ ಅವನಿಗೇ ಬಿಟ್ಟ. ಗುನ್ನಾರನ ಬಾಯಲ್ಲಿ ಮಾತ್ರ ಅವನು ಮೂವತ್ತು ವರ್ಷವೂ ‘ಇನೇಸ್‌ಳ ಹುಡುಗ’. ಯಾರದೋ ಕರುವಿಗೆ ನೀನು ಹುಲ್ಲು ಹಾಕುತ್ತಿದ್ದೀಯಲ್ಲೋ ಅಂತ ತಮ್ಮನನ್ನು ಹಂಗಿಸಿದ್ದೂ ಉಂಟು. ಎಲ್ಮರ್ ನಕ್ಕುಬಿಡುತ್ತಿದ್ದ. ಹಿಂದಿನ ಚಳಿಗಾಲದಲ್ಲಿ ಅವನು ತೀರಿಕೊಂಡಿದ್ದ.

ಬೆಡ್‌ಶೀಟಿನ ಸುದ್ದಿ ತಿಳಿದು ಇನೇಸ್ ಭಾವನ ಮನೆಗೆ ಬಂದಳು. ಎಲ್ಮರ್‌ನ ಹೆಸರಿನ ಕೆಳಗೆ ರಾಡ್ನಿಯದನ್ನೂ ಬರೆಯಬೇಕು, ತಾನು ಬೇರೇನೂ ಕೇಳುವುದಿಲ್ಲ ಅಂದಳು.

“ಇದು ರಕ್ತದ ವಿಷಯ ಕಣಮ್ಮ,” ಅಂದ ಗುನ್ನಾರ್. “ಸಾಕಿದ್ದು ಬೇರೆ, ಹುಟ್ಟಿದ್ದು ಬೇರೆ.”

ಇನೇಸ್ ತನ್ನ ಮುಂದಿಟ್ಟಿದ್ದ ಕಾಫಿಯನ್ನು ಮುಟ್ಟದೆ ಎದ್ದು ಹೋದಳು. ಆ ಊರಿನ ಜನರಲ್ಲಿ ಕಪಾಳಕ್ಕೆ ಹೊಡೆದರೂ ಕ್ಷಮೆಯುಂಟು, ಕಾಫಿ ಬಿಟ್ಟು ಎದ್ದರೆ ಇಲ್ಲ. ಗುನ್ನಾರ್ ಅಂದೇ ಪಟ್ಟು ಹಿಡಿದ. ಈ ರಕ್ತಕ್ಕೆ ರಾಜನ ಸಾಕ್ಷಿಯೂ ಸಿಕ್ಕಿಬಿಟ್ಟರೆ ಆಮೇಲೆ ಯಾರೂ ತುಟಿ ಪಿಟಕ್ ಅನ್ನುವ ಹಾಗಿಲ್ಲ ಅಂದುಕೊಂಡು ಸ್ವೀಡನ್ನಿಗೆ, ಮುತ್ತಜ್ಜ ಯೋಹಾನ್ನೆಸ್ ಸ್ಟೋಲ್ಟ್ ನೂರೈದು ವರ್ಷದ ಹಿಂದೆ ಬಿಟ್ಟುಬಂದ ಊರಿನ ಚರ್ಚಿಗೆ, ಪತ್ರ ಹಾಕಿದ.

ಉತ್ತರ ಬಂದದ್ದು ಎಲ್ಲರೂ ಸೇರುವುದಕ್ಕೆ ಆರು ದಿನ ಉಳಿದಿರುವಾಗ. ಮೂರು ಪುಟ, ಪೂರಾ ಸ್ವೀಡಿಷ್. ಗುನ್ನಾರನ ಸ್ವೀಡಿಷ್ ಊಟದ ಪ್ರಾರ್ಥನೆಗೂ ಹಸುವಿಗೆ ಬೈಯುವುದಕ್ಕೂ ಸಾಲುವಷ್ಟಿತ್ತು. ಓದಬಲ್ಲ ಪಾದ್ರಿ ಮೀನು ಹಿಡಿಯಲು ಕೆನಡಾಕ್ಕೆ ಹೋಗಿ ಕೂತಿದ್ದರು. ಊರಿನಲ್ಲಿ ಉಳಿದವಳು ಒಬ್ಬಳೇ, ತವರಿನಲ್ಲಿ ಸ್ವೀಡಿಷ್ ಮಾತಾಡಿಯೇ ಬೆಳೆದ ಇನೇಸ್. ಗುನ್ನಾರ್ ಎರಡು ದಿನ ಮೀನ ಮೇಷ ಎಣಿಸಿ, ಮೂರನೆಯ ದಿನ ಪತ್ರವನ್ನು ಹಿಡಿದುಕೊಂಡು ಅವಳ ಅಡುಗೆಮನೆಯಲ್ಲಿ ಹೋಗಿ ಕೂತ.

ಇನೇಸ್ ಕನ್ನಡಕ ಹಾಕಿಕೊಂಡು ಓದುತ್ತ ಹೋದಳು. ಸ್ಟೋಲ್ಟ್ ಅನ್ನುವುದು ಮನುಷ್ಯನ ಹೆಸರೇ ಅಲ್ಲವಂತೆ, ಸಿಪಾಯಿಗೆಂದು ಹಳ್ಳಿಯವರು ಕಟ್ಟಿಕೊಟ್ಟ ಗುಡಿಸಲಿನ ಹೆಸರಂತೆ. ಗುಡಿಸಲಿನ ಜೊತೆಗೆ ತುಂಡು ಹೊಲ, ಆಲೂಗಡ್ಡೆ ಪಾತಿ. ಯಾರು ಒಳಗೆ ಬಂದು ಸಿಪಾಯಿಯಾದರೂ ಅವನು ಸ್ಟೋಲ್ಟ್. ಮೊದಲನೆಯ ಸ್ಟೋಲ್ಟ್ ಭೇದಿಯಾಗಿ ಸತ್ತ. ಎರಡನೆಯವನು ಕವಾಯತಿನಿಂದ ಓಡಿಹೋದವನು ತಿರುಗಿ ಬರಲಿಲ್ಲ. ಇಬ್ಬರಿಗೂ ಮಕ್ಕಳಿಲ್ಲ. ಮೂರನೆಯವನು ಪೇರ್ ಅನ್ನುವ ಕೂಲಿಯಾಳು.

“ರಾಜನ ವಿಷಯ ಎಲ್ಲಿ ಬರುತ್ತೆ?” ಅಂತ ಕೇಳಿದ ಗುನ್ನಾರ್.

“ರಾಜನೂ ಇಲ್ಲ, ಕುದುರೆನೂ ಇಲ್ಲ ಭಾವ. ಇವರೆಲ್ಲ ನಡಕೊಂಡು ಹೋಗೋರು.”

ಮೂರನೆಯ ಪುಟಕ್ಕೆ ಬಂದವಳು ಓದುವುದನ್ನು ನಿಲ್ಲಿಸಿದಳು. ಪತ್ರವನ್ನು ಮಡಚಿ, ಉಳಿದದ್ದನ್ನು ಪಾದ್ರಿ ಬಂದಮೇಲೆ ಓದಿಸಿಕೊಳ್ಳಿ ಅಂದಳು. ಓಡಿಹೋದವನಿಗಿಂತ ಕೆಟ್ಟದ್ದು ಇನ್ನೇನಿದ್ದೀತು ಅಂತ ಗುನ್ನಾರ್ ಹಟ ಹಿಡಿದ.

“ಸರಿ. ‘ಪೇರ್ ಸ್ಟೋಲ್ಟ್ ಕೈಸಾ ಎಂಬುವಳನ್ನು ಮದುವೆಯಾದನು. ಆಕೆಯೊಂದಿಗೆ ಮೂರು ವರ್ಷದ ಗಂಡುಮಗು ಬಂದಿತು. ಹೆಸರು ಯೋಹಾನ್ನೆಸ್. ತಂದೆ ಯಾರೆಂದು ತಿಳಿಯದು.’”

ಗುನ್ನಾರನ ಮುಖ ಇಂಗು ತಿಂದ ಮಂಗನಂತಾಯಿತು. ಇನೇಸ್ ಒಂದು ಸಲ ನಕ್ಕಿದ್ದರೆ ಅವನು ಕೋಪ ಮಾಡಿಕೊಂಡು ಬದುಕಿಕೊಳ್ಳುತ್ತಿದ್ದ. ಅವಳು ನಗಲಿಲ್ಲ. ಅವನ ಲೋಟಕ್ಕೆ ಕಾಫಿ ಬಗ್ಗಿಸಿ ಮುಂದೆ ಓದಿದಳು. ಹುಡುಗ ಚೆನ್ನಾಗಿ ಓದುತ್ತಾನೆ, ಪೇರ್ ಮನೆಯಲ್ಲೇ ಕಲಿಸುತ್ತಾನೆ ಅಂತ ಆಗಿನ ಪಾದ್ರಿ ಬರೆದಿದ್ದರು. ಮುತ್ತಜ್ಜ ಯೋಹಾನ್ನೆಸ್ ಅಮೆರಿಕಕ್ಕೆ ಹೊರಟ ದಿನ ಚರ್ಚಿನ ಪುಸ್ತಕದಲ್ಲಿ ಪೇರ್ ಬರೆಸಿದ್ದು ‘ಸಿಪಾಯಿ ಸ್ಟೋಲ್ಟನ ಮಗ’ ಅಂತ. ಮಲಮಗ ಅಂತ ಬರೆಸಿರಲಿಲ್ಲ.

ಗುನ್ನಾರನಿಗೆ ತಮ್ಮ ನೆನಪಾದ. ಆ ಕರುವಿನ ಮಾತು, ಅದಕ್ಕೆ ಅವನು ನಕ್ಕಿದ್ದು ನೆನಪಾಗಿ ವಿಪರೀತ ನಾಚಿಕೆಯಾಯಿತು. ಕ್ಷಮೆ ಕೇಳೋಣವೆಂದರೆ ಅವನು ಮಣ್ಣು ಸೇರಿ ಆರು ತಿಂಗಳಾಗಿತ್ತು. ರಾಡ್ನಿಯ ಹೆಸರು ಇವತ್ತೇ ಬರೆಯುತ್ತೇನೆ ಅಂದ. ಬರೆದರೂ ಅವನು ಬರುವುದಿಲ್ಲ, ಆ ಜನರ ನಡುವೆ ನನಗೇನು ಕೆಲಸ ಅಂದಿದ್ದಾನೆ, ಬೇಕಿದ್ದರೆ ನೀವೇ ಹೋಗಿ ಕರೆಯಿರಿ ಅಂದಳು ಇನೇಸ್.

ಗುನ್ನಾರ್ ಅಲ್ಲಿಂದ ನೆಟ್ಟಗೆ ಅಂಗಡಿಗೆ ಹೋದ. ರಾಡ್ನಿ ಒಂದು ಹಳೇ ಪೈಪಿನ ತುಕ್ಕು ಕೆರೆಯುತ್ತ ಕೂತಿದ್ದ, ಏಳಲಿಲ್ಲ. ಗುನ್ನಾರ್ ನಿಂತುಕೊಂಡೇ ಗುಡಿಸಲು, ಭೇದಿ, ಓಡಿಹೋದವನು, ಕೈಸಾ, ಅವಳ ಮಗ, ಒಂದನ್ನೂ ಬಿಡದೆ ಹೇಳಿದ. ಜೀವಮಾನದಲ್ಲಿ ಮೊದಲ ಸಲ ಅವನ ಕಥೆಯಲ್ಲಿ ಕುದುರೆ ಇರಲಿಲ್ಲ.

“ಹಾಗಾದ್ರೆ ನೀವೂ ಅಸಲಿ ಸ್ಟೋಲ್ಟ್ ಅಲ್ವಾ ದೊಡ್ಡಪ್ಪ?”

“ಅಲ್ಲ ಕಣೋ. ಬೆಡ್‌ಶೀಟಲ್ಲಿರೋ ಒಬ್ಬನೂ ಅಲ್ಲ.”

ರಾಡ್ನಿ ಪೈಪನ್ನು ಕೆಳಗಿಟ್ಟು ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ಗುನ್ನಾರ್ ನಗು ಮುಗಿಯುವವರೆಗೂ ನಿಂತಿದ್ದ, ಅದು ತನಗೆ ಸಲ್ಲಬೇಕಾದದ್ದೇ ಅಂತ. ಆಮೇಲೆ ರಾಡ್ನಿ ಕಣ್ಣೊರೆಸಿಕೊಂಡು ಕೇಳಿದ, “ಅಪ್ಪಂಗೆ ಇದೆಲ್ಲ ಗೊತ್ತಿತ್ತಾ?”

“ಇಲ್ಲ,” ಅಂದ ಗುನ್ನಾರ್. “ನಿನ್ನಪ್ಪಂಗೆ ಗೊತ್ತಿರೋ ಅಗತ್ಯ ಇರ್ಲಿಲ್ಲ.”