ಮಲಗಿದ ಕಡಲಪಾಚಿ

ಭಾಗ್ಯಶ್ರೀಗೆ ಬೆಳಿಗ್ಗೆಯಿಂದಲೇ ಮೈಯೆಲ್ಲ ಉರಿ. ಕಾರಣ ಒಂದು ಬೇರು. ಕಡಲಂಚಿನ ಬಂಡೆಗಳ ಮೇಲೆ ಬೆಳೆಯುವ ಸಾರ್ಗಾಸಮ್ ಎಂಬ ಕಂದು ಪಾಚಿಗೆ ಚೇತನಕುಮಾರ ತನ್ನ ಚಿತ್ರದಲ್ಲಿ ಮತ್ತೆ ಬೇರು ಬರೆದಿದ್ದ.

ಹೈದರಾಬಾದಿನ ಗೋಡೆಗೋಡೆಗೂ ಕಂಪ್ಯೂಟರ್ ಕೋರ್ಸಿನ ಜಾಹೀರಾತು ಅಂಟಿದ್ದ ಕಾಲ. ಅಬಿಡ್ಸಿನ ಪುಸ್ತಕದಂಗಡಿಗಳ ಮೇಲಿನ ಮಹಡಿಯಲ್ಲಿ ಒಂದು ಪುಟ್ಟ ಕಂಪನಿ ಹೊರದೇಶದ ಶಾಲೆಗಳಿಗೆ ಕಂಪ್ಯೂಟರಿನಲ್ಲಿ ನೋಡಿ ಕಲಿಯುವ ಪಾಠ ತಯಾರಿಸುತ್ತಿತ್ತು. ಗುಲ್ಬರ್ಗದಲ್ಲಿ ಸಸ್ಯಶಾಸ್ತ್ರ ಎಂಎಸ್ಸಿ ಮುಗಿಸಿದ ಭಾಗ್ಯಶ್ರೀ ಪಾಠ ಬರೆಯುವವಳು. ಬೀದರಿನ ಚೇತನಕುಮಾರ ಅದಕ್ಕೆ ಓಡಾಡುವ ಚಿತ್ರ ಮಾಡುವವನು. ಈ ಪಾಚಿಯ ಪಾಠ ಒಪ್ಪಿಗೆಯಾದರೆ ಅವಳ ನೌಕರಿ ಕಾಯಂ, ಇಲ್ಲದಿದ್ದರೆ ಗಂಟುಮೂಟೆ ಕಟ್ಟಬೇಕು ಎಂದು ಮ್ಯಾನೇಜರ್ ವಾಸುದೇವ ನಗುನಗುತ್ತ ಹೇಳಿದ್ದ. ಆ ನಗು ಕಂಡರೇ ಅವಳಿಗಾಗುತ್ತಿರಲಿಲ್ಲ.

“ಇದಕ್ಕ ಬೇರಿಲ್ಲ ಅಂತ ಎಷ್ಟ ಸಲ ಹೇಳ್ಬೇಕಪ್ಪಾ? ಬುಡದಾಗ ಒಂದು ಬಿಲ್ಲೆ ಇರತೈತಿ, ಕಲ್ಲಿಗೆ ಗಟ್ಟಿ ಅಂಟ್ಕೊಂತೈತಿ. ಅಷ್ಟ.”

“ಬೇರಿಲ್ದ ನೀರು ಹೆಂಗ ಕುಡಿತೈತ್ರಿ ಮೇಡಂ?”

“ನೀರಾಗ ಇರತೈತಲ್ಲ, ಮೈಯಿಂದನ ಹೀರ್ಕೊಂತೈತಿ.”

ಬೇರು ಹೋಯಿತು. ಮರುದಿನ ಹೂವು ಬಂತು. ಹಾಡಿದ್ದೇ ಹಾಡೋ ಕಿಸಬಾಯಿ ದಾಸನಂತೆ ಅವಳು ಮತ್ತೆ ಮೊದಲಿನಿಂದ ಹೇಳಿದಳು: ಹೂವಿಲ್ಲ, ಬೀಜವಿಲ್ಲ. ಎಲೆಯಂಥ ಅಂಗದ ಕಂಕುಳಲ್ಲಿ ಪುಟ್ಟ ಕವಲುಗಳು, ಅವುಗಳ ಮೈಯೊಳಗಿನ ಗೂಡುಗಳಲ್ಲಿ ಅಂಡ ಬೆಳೆಯುತ್ತದೆ. ಹೊರಬಂದರೂ ಅಲ್ಲೇ ಲೋಳೆಯಲ್ಲಿ ಅಂಟಿಕೊಂಡು, ಗಂಡುಕಣ ಈಜಿ ಬರುವವರೆಗೆ ಕಾಯುತ್ತದೆ.

ಅಂತೂ ಪಾಠ ಹೊರದೇಶಕ್ಕೆ ಹೋಯಿತು. ವಾರ ತುಂಬುವುದರೊಳಗೆ ವಾಪಸೂ ಬಂತು. ಅಂಗಾಂಗ, ಸಂತಾನೋತ್ಪತ್ತಿ ಎಲ್ಲ ಸರಿ, ಆದರೆ ನೀವು ತೋರಿಸಿರುವುದು ಸತ್ತ ಪಾಚಿ ಎಂದು ಅಲ್ಲಿಯ ಶಾಲೆಯವರು ಬರೆದಿದ್ದರು.

ಭಾಗ್ಯಶ್ರೀ ಪರದೆ ನೋಡಿದಳು. ನೀರಿನೊಳಗೆ ಅವಳ ಸಾರ್ಗಾಸಮ್ ಬಂಡೆಯ ಮೇಲೆ ಜೋತುಬಿದ್ದು ಮಲಗಿತ್ತು. ಕಾಲೇಜಿನಲ್ಲಿ ಕೆಡದಂತೆ ಇಟ್ಟ ಸತ್ತ ಪಾಚಿಯನ್ನು ಫಾರ್ಮಾಲಿನ್ ಬಾಟಲಿಯಿಂದ ತೆಗೆದು ತಟ್ಟೆಯಲ್ಲಿ ಹರಡಿದಾಗ ಹೀಗೆಯೇ ಮಲಗುತ್ತಿತ್ತು. ಬಣ್ಣವೂ ಅದೇ, ಸೋಸಿ ಚೆಲ್ಲಿದ ಚಹಾಪುಡಿಯದು. ಗಾಳಿ ತುಂಬಿದ ಗುಳ್ಳೆಗಳು ಪಾಚಿಯನ್ನು ನೀರಿನಲ್ಲಿ ಎತ್ತಿ ನಿಲ್ಲಿಸುತ್ತವೆ ಎಂದು ಪರೀಕ್ಷೆಯಲ್ಲಿ ಪುಟಗಟ್ಟಲೆ ಬರೆದವಳು ಅವಳೇ. ಚೇತನನ ಒಂದೊಂದು ಬೇರನ್ನೂ ಹಿಡಿದವಳ ಕಣ್ಣಿಗೆ ಇದು ಬಿದ್ದಿರಲೇ ಇಲ್ಲ. ತನ್ನ ಮೇಲೆ ತನಗೇ ರೇಗಿತು.

ವಾಸುದೇವ ಬಾಗಿಲಲ್ಲಿ ನಿಂತು, ಸಂಜೆಯೊಳಗೆ ಸರಿಯಾಗಬೇಕು, ಇದೇ ಕೊನೆ ಎಂದು ಹೇಳಿ ಹೋದ. ಈ ಸಲ ನಗಲಿಲ್ಲ.

“ಎಬ್ಬಿಸಿ ನಿಂದ್ರಸೂಣ್ರಿ ಮೇಡಂ,” ಎಂದ ಚೇತನ. “ತೆರಿ ಬಂದಾಗ ಹೆಂಗ ಬಾಗತೈತಿ, ಹೋದಾಗ ಹೆಂಗ ಏಳತೈತಿ, ಕೈಲೆ ಮಾಡಿ ತೋರಸ್ರಿ. ಹಂಗ ಮಾಡ್ತೀನಿ.”

ಅವಳು ಕೈಯೆತ್ತಿದಳು. ಬಲಕ್ಕೆ ಬಾಗಿಸಿದಳು, ಎಡಕ್ಕೆ ಬಾಗಿಸಿದಳು. ಅದು ಹೊಲದಲ್ಲಿ ಗಾಳಿಗೆ ತೂಗುವ ಜೋಳದ ತೆನೆಯಾಯಿತು. ಹಲ್ಲು ಕಚ್ಚಿ ಮತ್ತೆ ಮಾಡಿದಳು, ಮತ್ತೆ ಜೋಳವೇ. ಕೈ ಇಳಿಸಿದಳು.

“ನಾ ಸಮುದ್ರಾನ ನೋಡಿಲ್ಲೋ ಚೇತನ,” ಎಂದಳು. “ನನ್ನ ಕೈಲೆ ಆಗೂದಿಲ್ಲ ಅಂತ ಸಾಹೇಬರಿಗೆ ಹೋಗಿ ಹೇಳ್ತೀನಿ.”