ಅಪ್ಪ ಕೊಟ್ಟ ಪಾಲು

ಗಾಜಿನಂಗಡಿಯಲ್ಲಿ ಹದಿನೆಂಟು ವರ್ಷದಿಂದ ಗಾಜು ಕತ್ತರಿಸುತ್ತಿದ್ದ ಅಕ್ಕನಿಗೆ, ತಮ್ಮನಿಗೊಂದು ಕಿಡ್ನಿ ಕೊಡುವುದು ದೊಡ್ಡ ವಿಷಯವೆಂದು ಅನ್ನಿಸಿಯೇ ಇರಲಿಲ್ಲ. "ಎರಡಿವೆಯಲ್ಲ, ಒಂದು ತಗೊಳ್ಳಲಿ" ಎಂದು ಮಾಲೀಕನಿಗೆ ಹೇಳಿ ತಪಾಸಣೆಗೆಂದು ಮೂರು ದಿನ ರಜೆ ಬರೆಸಿದ್ದಳು.

ತಮ್ಮ ಬಸ್ ಓಡಿಸುವವನು. ಅವರಪ್ಪನೂ ಅದೇ ಕೆಲಸ ಮಾಡುತ್ತ, ಐವತ್ತೊಂದಕ್ಕೇ ಕಿಡ್ನಿ ಕೆಟ್ಟು ತೀರಿಕೊಂಡಿದ್ದ. ಆಗ ಕಾರಣ ಹೇಳದವರೇ ಇರಲಿಲ್ಲ. ಉಪ್ಪು ಜಾಸ್ತಿ ತಿಂದ ಅಂದರು, ಗಂಟೆಗಟ್ಟಲೆ ಮೂತ್ರ ತಡೆದುಕೊಂಡು ಕೂತ ಅಂದರು. ಅಮ್ಮ ಮಾತ್ರ ಇವತ್ತಿಗೂ ಎಂಜಿನ್ನಿನ ಬಿಸಿಗೇ ಶಾಪ ಹಾಕುತ್ತಾಳೆ. ತಮ್ಮನ ಕಾಲು ಊದಿಕೊಂಡಾಗಲೂ ಮನೆಯವರೆಲ್ಲ ಬೈದದ್ದು ಬಸ್ಸನ್ನೇ.

ರಕ್ತದ ಗುಂಪು ಹೊಂದಿತು. ಆಮೇಲೆ ಸ್ಕ್ಯಾನ್. ಅವಳ ಹೊಟ್ಟೆಗೆ ತಣ್ಣನೆಯ ಜೆಲ್ ಹಚ್ಚಿದ ಹುಡುಗಿ ತನ್ನ ಅತ್ತೆಯ ಗೊರಕೆಯ ಕಥೆ ಹೇಳುತ್ತಿದ್ದವಳು ನಡುವೆಯೇ ಸುಮ್ಮನಾದಳು. ಎಡಕ್ಕೆ ಮಗ್ಗುಲಾಗಿ ಎಂದಳು. ಬಲಕ್ಕೆ ಎಂದಳು. ಮತ್ತೆ ಎಡಕ್ಕೆ. ಗೊರಕೆಯ ಕಥೆ ಮುಗಿಯಲೇ ಇಲ್ಲ.

ಡಾಕ್ಟರು ಪರದೆಯನ್ನು ಅವಳ ಕಡೆ ತಿರುಗಿಸಿದರು. ಎರಡೂ ಕಿಡ್ನಿಯ ತುಂಬ ಕಪ್ಪು ಗುಳ್ಳೆಗಳು.

"ನಿಮ್ಮ ತಮ್ಮನ ಕಾಯಿಲೆ ನಿಮಗೂ ಇದೆ. ತಂದೆಯಿಂದ ಬಂದಿರೋದು, ಇಂಥವರ ಮಕ್ಕಳಲ್ಲಿ ಅರ್ಧ ಜನಕ್ಕೆ ಬರುತ್ತೆ. ಉಪ್ಪೂ ಅಲ್ಲ, ಬಸ್ಸೂ ಅಲ್ಲ."

"ಮಕ್ಕಳಲ್ಲಿ ಅರ್ಧ ಜನಕ್ಕೆ ಅಂತ ನೀವೇ ಹೇಳಿದ್ರಲ್ಲ? ನಾವಿರೋದೇ ಇಬ್ಬರು. ಅವನಿಗೆ ಬಂದಾಯ್ತಲ್ಲ!"

ಡಾಕ್ಟರು ಪೆನ್ನಿಗೆ ಮುಚ್ಚಳ ಹಾಕಿದರು. "ಅದು ಹಂಚಿಕೆ ಅಲ್ಲಮ್ಮ. ಒಂದೊಂದು ಮಗುವಿಗೂ ಹೊಸದಾಗಿ ನಾಣ್ಯ ಚಿಮ್ಮಿದ ಹಾಗೆ. ಅವರಿಗೆ ಬಿತ್ತು ಅಂದ್ರೆ ನಿಮಗೆ ತಪ್ಪಿತು ಅಂತಲ್ಲ."

"ಹಾಗಾದ್ರೆ ಕಿಡ್ನಿ ಕೊಡೋದು?"

"ಆಗಲ್ಲ. ನಿಮ್ಮ ಬಿಪಿ ಈಗಲೇ ಜಾಸ್ತಿ ಇದೆ. ಹತೋಟಿಲಿಟ್ಕೊಂಡ್ರೆ ಬಹಳ ವರ್ಷ ಚೆನ್ನಾಗಿರಬಹುದು. ಮಕ್ಕಳು?"

"ಒಬ್ಬಳೇ ಮಗಳು. ಹತ್ತೊಂಬತ್ತು" ಎಂದಳು, ಯಾರಿಗೋ ವಿಳಾಸ ಹೇಳುವವಳ ಹಾಗೆ.

ಅಳು ಬರಬೇಕಿತ್ತು, ಬರಲಿಲ್ಲ. ಜೆಲ್ ಅಂಗಿಗೆ ಅಂಟಿಕೊಂಡಿತ್ತು, ಅದೊಂದೇ ಗೊತ್ತಾಗುತ್ತಿತ್ತು.

ಕೆಳಗಿನ ಮಹಡಿಯಲ್ಲಿ ತಮ್ಮ ಡಯಾಲಿಸಿಸ್ ಯಂತ್ರದ ಪಕ್ಕ ಮಲಗಿದ್ದ.

"ಏನಂದ್ರು?"

"ನನಗೂ ಇದೆಯಂತೆ."

ಅವನು ತನ್ನ ರಕ್ತ ಕೊಳವೆಯಲ್ಲಿ ಸುತ್ತುವುದನ್ನೇ ನೋಡಿದ. "ಸೈಕಲ್ ನನಗೊಬ್ಬನಿಗೇ ಕೊಡಿಸ್ದ ಅಂತ ಅಪ್ಪನ ಹತ್ರ ಮೂರು ತಿಂಗಳು ಮಾತು ಬಿಟ್ಟಿದ್ದೆಯಲ್ಲ ನೀನು. ನೋಡು, ಇದನ್ನಾದ್ರೂ ಸಮನಾಗಿ ಕೊಟ್ಟಿದಾನೆ."

ಅಕ್ಕ ನಕ್ಕಳು. ನಗು ಬಾಯಿಂದಾಚೆ ಬಂತು, ಅಷ್ಟೆ. ಅವನು ಮಾತ್ರ ಗೋಡೆಯ ಕಡೆ ಮುಖ ತಿರುಗಿಸಿದ, ಭುಜ ಅಲುಗುತ್ತಿತ್ತು. ಅವಳು ಅವನ ಪಾದ ಹಿಡಿದುಕೊಂಡಳು. ಹೆಬ್ಬೆರಳು ಒತ್ತಿದಲ್ಲಿ ಗುಳಿ ಬಿತ್ತು. ಅದು ತುಂಬಿಕೊಳ್ಳುವವರೆಗೂ ನೋಡುತ್ತ ಕೂತಳು.

ಉಳಿದ ರಜೆ ರದ್ದು ಮಾಡಿಸಿ ಮರುದಿನವೇ ಕೆಲಸಕ್ಕೆ ಹೋದಳು. ಹದಿನಾಲ್ಕು ಕನ್ನಡಿ ಕತ್ತರಿಸಿದಳು, ಒಂದೂ ಓರೆಯಾಗಲಿಲ್ಲ. "ಏನಾಯ್ತು?" ಎಂದ ಮಾಲೀಕನಿಗೆ "ಹೊಂದಲಿಲ್ಲ" ಎಂದಷ್ಟೇ ಹೇಳಿದಳು.

ಮಗಳಿಗೆ ಹೇಳಲು ಐದು ದಿನ ಬೇಕಾಯಿತು. ಒಗೆದ ಬಟ್ಟೆ ಮಡಚುತ್ತ ಹೇಳಿದಳು.

"ಅಂದ್ರೆ ನನಗೂ ಇರಬಹುದು" ಎಂದಳು ಮಗಳು.

"ಇರಬಹುದು. ಇಲ್ದೇನೂ ಇರಬಹುದು."

"ಯಾರನ್ನಾದ್ರೂ ಚೆನ್ನಾಗಿ ಬೈಬೇಕು ಅನ್ಸುತ್ತಮ್ಮ. ಯಾರನ್ನ ಬೈಯೋದು?"

ಅಕ್ಕ ಕೈಯಲ್ಲಿದ್ದ ದಿಂಬಿನ ಚೀಲವನ್ನು ಮಡಚಿ, ಬಿಚ್ಚಿ, ಮತ್ತೆ ಮಡಚಿದಳು.

ಎಂಟು ತಿಂಗಳಿಗೆ ತಮ್ಮನಿಗೆ ಅವನ ಹೆಂಡತಿಯದೇ ಕಿಡ್ನಿ ಹಾಕಿದರು. ಆ ಹೊತ್ತಿಗೆ ಅಕ್ಕನಿಗೆ ಬೆಳಗಿನ ಬಿಪಿ ಮಾತ್ರೆ ಹಲ್ಲುಜ್ಜಿದಷ್ಟೇ ರೂಢಿಯಾಗಿತ್ತು. ಆಪರೇಷನ್ ನಡೆಯುವಾಗ ತಾಯಿ ಮಗಳಿಬ್ಬರೂ ಹೊರಗಿನ ಬೆಂಚಿನ ಮೇಲೆ ಕೂತಿದ್ದರು.

"ಬರೋ ತಿಂಗಳು ನಾನು ಸ್ಕ್ಯಾನ್ ಮಾಡಿಸ್ಕೋತೀನಿ" ಎಂದಳು ಮಗಳು. "ನೀನು ಬರಬೇಡ. ಒಬ್ಬಳೇ ಹೋಗ್ತೀನಿ."

"ಸರಿ" ಎಂದಳು ಅಕ್ಕ.

"ಅಮ್ಮಾ, ಕೈ."

ನೋಡಿದರೆ ಮಗಳ ಅಂಗಿಯ ತೋಳನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದಿದ್ದಳು. ಯಾವಾಗ ಹಿಡಿದಳೋ ಅವಳಿಗೇ ತಿಳಿಯದು. ಬಿಡಲು ಸ್ವಲ್ಪ ಹೊತ್ತು ಬೇಕಾಯಿತು.