ಎರವಲು ನಿಲುವಂಗಿ

ಗಂಡನ ಮಣ್ಣಿಗೆ ಬಂದವರೆಲ್ಲ ಅವರವರ ಊರಿಗೆ ಹೋದ ಮೇಲಿನ ಮೊದಲ ಬೆಳಿಗ್ಗೆ, ಹಾಲಿನವನು ಎಂದಿನಂತೆ ಎರಡು ಪ್ಯಾಕೆಟ್ ಇಟ್ಟುಹೋಗಿದ್ದ. ಇನ್ನು ಒಂದೇ ಸಾಕು ಎಂದು ಯಾರೂ ಅವನಿಗೆ ಹೇಳಿರಲಿಲ್ಲ. ಅವಳು ಎರಡನ್ನೂ ಕಾಯಲಿಟ್ಟಳು. ಹಾಲು ಉಕ್ಕಿ ಇಳಿಯುವುದನ್ನು ನೀರಿನಡಿಯಿಂದ ನೋಡುವವಳಂತೆ ನೋಡುತ್ತ ನಿಂತಳು.

"ಒಲೆಗೂ ಹಸಿವಾಗಿತ್ತಾ ಅತ್ತಿಗೆ?" ಅನ್ನುತ್ತ ಬಂದು ನಾದಿನಿ ಉರಿ ಆರಿಸಿದಳು. ಜೊತೆಗಿರಲೆಂದು ಉಳಿದವಳು ಅವಳೊಬ್ಬಳೇ.

ಮನೆ ಹಗುರವಾಗಿತ್ತು. ಕುರ್ಚಿಗಳು ನೆಲ ಮುಟ್ಟದೆ ನಿಂತಂತಿದ್ದವು. ಕೋಣೆಯ ಕಪಾಟು ತೆರೆದರೆ ಕಪ್ಪು ನಿಲುವಂಗಿ ತೂಗುತ್ತಿತ್ತು, ಒಳಗಿರುವವರು ಯಾರೋ ಈಗಷ್ಟೇ ಉಸಿರೆಳೆದುಕೊಂಡ ಹಾಗೆ.

ಅದು ಸಭಾಪಾಲಕನಾಗಿದ್ದ ಗಂಡನ ಜೊತೆ ಮಣ್ಣಿಗೆ ಹೋಗಬೇಕಿತ್ತು. ಆ ಚರ್ಚಿನ ಸಭೆಯಲ್ಲಿ ಸಭಾಪಾಲಕರನ್ನು ನಿಲುವಂಗಿ ತೊಡಿಸಿಯೇ ಪೆಟ್ಟಿಗೆಯಲ್ಲಿ ಮಲಗಿಸುತ್ತಾರೆ. ಅವಳು ಬಿಳಿ ಅಂಗಿ ತೊಡಿಸಿದ್ದಳು. ಕೇಳಿದವರಿಗೆ, "ಇದು ಇವರದ್ದಲ್ಲ" ಎಂದಷ್ಟೇ ಹೇಳಿದ್ದಳು. ಅಂದು ಅತ್ತವರಿಗಿಂತ ಗುಸುಗುಸು ಅಂದವರೇ ಹೆಚ್ಚು.

ಅದು ಹಿಂದಿನ ಸಭಾಪಾಲಕ ಅಯ್ಯನವರದು. ಒಂದು ಭಾನುವಾರ ಅವರು ಪ್ರಸಂಗಪೀಠದಲ್ಲಿ ನಿಂತು ತಮ್ಮ ಪಾಪವನ್ನು ತಾವೇ ಹೇಳಿದ್ದರು. ಗಡಿಯಾರದ ಅಂಗಡಿ ಇಟ್ಟಿದ್ದ ಸಭೆಯ ಹಿರಿಯರ ತಾಯಿ ಹಾಸಿಗೆ ಹಿಡಿದಿದ್ದಾಗ ಕರ್ತನ ಭೋಜನದ ರೊಟ್ಟಿ, ದ್ರಾಕ್ಷಾರಸ ಕೇಳಿದ್ದರು. ಸೊಸೆಯ ಜೊತೆ ರಾಜಿಯಾಗುವ ತನಕ ಕೊಡುವುದಿಲ್ಲ ಎಂದು ಅಯ್ಯನವರು ಎದ್ದುಬಂದರು. ಬೆಳಗಾಗುವಷ್ಟರಲ್ಲಿ ಮುದುಕಿ ಇರಲಿಲ್ಲ. "ಕರ್ತನ ಮೇಜಿನಲ್ಲಿ ಬಡಿಸೋಕೆ ನಿಲ್ಲಿಸಿದ್ದರು, ನಾನು ಬಾಗಿಲು ಕಾಯುವವನಾದೆ" ಎಂದವರೇ ನಿಲುವಂಗಿ ಕಳಚಿ ತೋಳಿಗೆ ಹಾಕಿಕೊಂಡು ಇಳಿದುಹೋದರು. ಅಂದಿನಿಂದ ಕೊನೆಯ ಬೆಂಚು ಅವರದು.

ಅವರ ಜಾಗಕ್ಕೆ ಬಂದ ಅವಳ ಗಂಡನಿಗೆ ಇನ್ನೂ ನಿಲುವಂಗಿ ಹೊಲಿಸಿರಲಿಲ್ಲ. ಒಂದು ಭಾನುವಾರದ ಮಟ್ಟಿಗೆಂದು ಅವರದನ್ನೇ ಕೇಳಿ ತಂದ. ಉದ್ದವಾಯಿತು, ಅವಳು ಅಂಚು ಮಡಚಿ ಹೊಲಿದಳು. ಹಿಂದಿರುಗಿಸಲು ಹೋದರೆ ಅಯ್ಯನವರು ಬೆನ್ನ ಹಿಂದೆ ಕಟ್ಟಿದ ಕೈಯನ್ನು ಮುಂದೆ ತರಲೇ ಇಲ್ಲ. ಇನ್ನೊಂದು ವಾರ ಇರಲಿ ಎಂದರು. ವಾರಗಳು ವರ್ಷಗಳಾದವು. ಸಭೆಯವರು ಹೊಸದು ಹೊಲಿಸುತ್ತೇವೆಂದಾಗ ಗಂಡ ಬೇಡವೆಂದಿದ್ದ. "ನನಗೇ ಒಂದಾದರೆ ಇದು ಯಾರದ್ದೂ ಅಲ್ಲದ ಬಟ್ಟೆ ಆಗುತ್ತೆ ಕಣೇ. ಎರವಲು ಅನ್ನೋ ತನಕ ಇದಕ್ಕೊಬ್ಬ ಯಜಮಾನ ಇರ್ತಾನೆ."

ಹತ್ತು ಗಂಟೆಯ ಹೊತ್ತಿಗೆ ಗಡಿಯಾರದ ಅಂಗಡಿಯ ಹಿರಿಯರು ಬಂದರು. ಕೂತರು. ಗೋಡೆಯ ಗಡಿಯಾರ ಹಿಂದೆ ಬಿದ್ದಿದ್ದನ್ನು ಕಂಡು, ಎದ್ದು ಮುಳ್ಳು ಸರಿಮಾಡಿ ಮತ್ತೆ ಕೂತರು.

"ಅಮ್ಮನವರೇ, ಬರೋ ಭಾನುವಾರ ಹೊಸ ಅಯ್ಯನವರು ಬರ್ತಾರೆ. ಆ ನಿಲುವಂಗಿ ಕೊಟ್ಟುಬಿಡಿ."

"ಅದು ಹಳೇ ಅಯ್ಯನವರದು."

"ಅವರೇ ಕಳಚಿದ್ದಲ್ವಾ? ನಾಳೆ ಅವರು ತೀರಿಕೊಂಡರೆ ಅದರಲ್ಲೇ ಮಲಗಿಸಿ ಮಣ್ಣು ಮಾಡಬೇಕಾ? ಪ್ರವಾದಿಯ ನಿಲುವಂಗಿ ಹರಿದ ಹಾಗೆ ದೇವರು ಮಾತು ಮೀರಿದ ರಾಜ ಸೌಲನ ಕೈಯಿಂದ ರಾಜ್ಯ ಹರಿದು ತಗೊಂಡ. ನನ್ನ ಮಾತಲ್ಲ, ವಾಕ್ಯ."

"ಅದಕ್ಕಿಂತ ಮುಂಚೆ ಇನ್ನೊಂದು ಬಟ್ಟೆ ಬರುತ್ತೆ," ಎಂದಳು. ತನ್ನ ದನಿ ಪಕ್ಕದ ಮನೆಯಿಂದ ಬಂದಂತೆ ಕೇಳಿಸಿತು. "ತೋಟದಿಂದ ಹೊರಗೆ ಹಾಕೋ ಮೊದಲು ದೇವರೇ ಹಣ್ಣು ತಿಂದ ಆ ಮೊದಲ ಇಬ್ಬರಿಗೂ ಬಟ್ಟೆ ಮಾಡಿ ತೊಡಿಸಿದ."

"ಇದು ನಿಮ್ಮ ಯಜಮಾನರು ಪೀಠದಲ್ಲಿ ಮಾಡಿದ ಪ್ರಸಂಗ."

"ಹೌದು. ನನ್ನದೇನಿಲ್ಲ."

ಹಿರಿಯರು ನಾದಿನಿ ತಂದಿಟ್ಟ ಟೀ ಲೋಟವನ್ನು ಎರಡು ಕೈಯಲ್ಲೂ ಹಿಡಿದುಕೊಂಡರು. "ನಮ್ಮಮ್ಮನ ತುಟಿ ಒಣಗಿತ್ತು, ಅಮ್ಮನವರೇ. ರೊಟ್ಟಿ ಬರುತ್ತಾ ಬರುತ್ತಾ ಅಂತ ಬಾಗಿಲ ಕಡೆನೇ ನೋಡ್ತಿದ್ದರು."

ಅವಳು ಬಂದು ಎದುರಿಗೆ ಕೂತಳು.

ಹೊರಡುವಾಗ ಅವರು ಚಪ್ಪಲಿ ಹುಡುಕುತ್ತ, "ಸಂಜೆ ಬಂದು ತಗೊಂಡು ಹೋಗ್ತೀನಿ. ನೀವು ಸಭೆಯ ಈ ಮನೇಲಿ ಎಷ್ಟು ತಿಂಗಳು ಬೇಕಾದರೂ ಇರಿ ಅಂತ ನಾನೇ ಸಭೆಯಲ್ಲಿ ಹೇಳೋಣ ಅಂತಿದ್ದೆ" ಎಂದರು.

ಅವರು ಹೋದ ಮೇಲೆ ನಾದಿನಿ ಬಾಗಿಲು ಹಾಕಿದಳು. "ಬೆಲ್ಲ ತೋರಿಸಿ ಬೆತ್ತ ಬೀಸೋದು ಅಂದರೆ ಇದೇ. ಕೊಟ್ಟುಬಿಡು ಅತ್ತಿಗೆ. ತಲೆ ಮೇಲೊಂದು ಸೂರು ಬೇಡ್ವಾ?"

"ಬೇಕು," ಎಂದಳು. ಕತ್ತರಿ ತಂದು ನಿಲುವಂಗಿಯನ್ನು ಮಡಿಲಲ್ಲಿ ಹರಡಿಕೊಂಡು ಅಂಚಿನ ಹೊಲಿಗೆ ಬಿಚ್ಚತೊಡಗಿದಳು. ನಾದಿನಿ ಸ್ವಲ್ಪ ಹೊತ್ತು ನೋಡಿದಳು, ನಿಟ್ಟುಸಿರು ಬಿಟ್ಟು, ಇನ್ನೊಂದು ತುದಿ ಎಳೆದು ಹಿಡಿದಳು. ಮಡಿಕೆಯೊಳಗಿದ್ದ ಬಟ್ಟೆ ಬಿಸಿಲನ್ನೇ ಕಾಣದ್ದು; ಕಡುಗಪ್ಪಾಗಿತ್ತು.

ಮಧ್ಯಾಹ್ನ ಅವಳೊಬ್ಬಳೇ ಹೊರಟಳು. ಬೀದಿಯಲ್ಲಿ ಸದ್ದೇ ಇರಲಿಲ್ಲವೋ, ಅವಳಿಗೆ ಕೇಳಿಸಲಿಲ್ಲವೋ. ಬಸ್ಸುಗಳು ಮೋಡಗಳಂತೆ ಸರಿದವು. ತೋಳಿನ ಮೇಲಿನ ನಿಲುವಂಗಿಯ ಭಾರವೊಂದೇ ನಿಜವೆನಿಸಿತು. ಯಾರೋ ನಮಸ್ಕಾರ ಅಂದರು. ದಾಟಿ ಬಹುದೂರ ಹೋದ ಮೇಲೆ ತಲೆಯಾಡಿಸಿದಳು.

ಸೈಕಲ್ ಅಂಗಡಿಯ ಹಿಂದಿನ ಕೋಣೆಯಲ್ಲಿ ಹಳೇ ಅಯ್ಯನವರು ಬಟಾಣಿ ಸುಲಿಯುತ್ತ ಕೂತಿದ್ದರು. ಅವಳ ತೋಳಿನಲ್ಲಿರುವುದನ್ನು ಕಂಡು ಎದ್ದರು. ಕೈಗಳು ತಾವಾಗಿ ಬೆನ್ನ ಹಿಂದೆ ಹೋದವು.

"ಅದನ್ನ ಹಿರಿಯರಿಗೆ ಕೊಡಮ್ಮ."

"ಅವರಿಂದ ತಂದಿದ್ದಲ್ಲ, ಅಯ್ಯನವರೇ."

"ಹಾಕ್ಕೊಳ್ಳೋ ಯೋಗ್ಯತೆ ನನಗಿಲ್ಲ."

"ಹಾಕ್ಕೊಳ್ಳಿ ಅಂತ ನಾನು ಹೇಳಿಲ್ಲ. ತಗೊಳ್ಳಿ ಅಂತಿದ್ದೀನಿ."

ಅವರು ಅಂಚನ್ನು ನೋಡಿದರು. "ಉದ್ದ ಬಿಟ್ಟಿದ್ದೀಯಲ್ಲ. ನಾನೀಗ ಕುಗ್ಗಿದ್ದೀನಿ, ಎಡವಿ ಬೀಳ್ತೀನಿ."

"ನೀವು ಕೊಟ್ಟಾಗ ಇಷ್ಟೇ ಇತ್ತು." ಒಂದು ಗಳಿಗೆ ತಡೆದು ಹೇಳಿದಳು: "ಗಡಿಯಾರದ ಅಂಗಡಿಯವರು ಸಂಜೆ ಕೇಳೋಕೆ ಬರ್ತಾರೆ. ಇಲ್ಲಿದೆ ಅಂತ ಹೇಳ್ತೀನಿ."

ಅವರ ಮುಖ ಬಿಳಿಚಿತು. "ಅವರು ನನ್ನ ಹತ್ತಿರ ಮಾತಾಡಿ ಮೂರು ವರ್ಷ ಆಯ್ತು."

"ನೀವೂ ಆ ಮನೆ ಬಾಗಿಲು ತಟ್ಟಿಲ್ಲ. ಪಾಪಾನ ಇಡೀ ಸಭೆಗೆ ಹೇಳಿದಿರಿ, ಅವರೊಬ್ಬರಿಗೆ ಹೇಳಲಿಲ್ಲ." ಇಷ್ಟು ಮಾತು ತನ್ನೊಳಗೆ ಎಲ್ಲಿತ್ತೋ ಅವಳಿಗೇ ತಿಳಿಯಲಿಲ್ಲ. "ಬರಲಿ. ಕೊಡೋದು ಬಿಡೋದು ನಿಮಗೆ ಬಿಟ್ಟಿದ್ದು. ಬಟ್ಟೆ ನಿಮ್ಮದು."

ಮುಂದಿನ ಅಂಗಡಿಯಲ್ಲಿ ಯಾರೋ ಚಕ್ರ ತಿರುಗಿಸಿ ಬಿಟ್ಟಿದ್ದರು; ಅದು ತನ್ನ ಪಾಡಿಗೆ ತಾನು ಸುತ್ತಿ ಸುತ್ತಿ ನಿಂತಿತು. ಅಯ್ಯನವರು ಅಂಗೈಗಳನ್ನು ಪಂಚೆಗೆ ಒರೆಸಿಕೊಂಡು ಮುಂದೆ ಚಾಚಿದರು.

ಅವಳು ನಿಲುವಂಗಿಯನ್ನು ಅವುಗಳ ಮೇಲಿಟ್ಟಳು. "ತಡವಾಯ್ತು," ಎಂದಳು, "ನಮ್ಮ ಮನೆಯವರು ಆ ಭಾನುವಾರವೇ ಕೊಡ್ತೀನಿ ಅಂದಿದ್ದರು."